ವಕೀಲರನ್ನು ಕೇಳಿ: ಪಾರ್ಲಿಮೆಂಟಿಗೆ ಬೀಗ ಹಾಕಿದ್ದು ತಪ್ಪು ಅಂತ ಕೋರ್ಟ್ ಹೇಳಿದರೆ ಅಷ್ಟೊಂದು ಜನ ಕೋರ್ಟಿಗೇ ಯಾಕೆ ಬೈದರು?

ಪ್ರಶ್ನೆ (ಕಾನೂನು ವಿದ್ಯಾರ್ಥಿ, ಮೈಸೂರು):
ನಮಸ್ಕಾರ ಮೇಡಂ. ನಾನು ಎಲ್‌ಎಲ್‌ಬಿ ಎರಡನೇ ವರ್ಷ. ಕ್ಲಾಸಿನಲ್ಲಿ ಬ್ರಿಟನ್ನಿನ 2019ರ ಕೇಸು ಬಂತು. ಬೋರಿಸ್ ಜಾನ್ಸನ್ ಸರ್ಕಾರ ಪಾರ್ಲಿಮೆಂಟನ್ನು ಐದು ವಾರ ಮುಚ್ಚಿಸಿತ್ತು, ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆ ದಿನದ ವಿಡಿಯೋ ನೋಡಿದೆ. ಕೋರ್ಟಿನ ಹೊರಗೆ ಜನ ಕೇಕೆ ಹಾಕುತ್ತಿದ್ದಾರೆ. ಕೆಳಗೆ ಕಾಮೆಂಟುಗಳಲ್ಲಿ ಜಡ್ಜುಗಳಿಗೆ ಬಾಯಿಗೆ ಬಂದ ಹಾಗೆ ಬೈದಿದ್ದಾರೆ. ಹನ್ನೊಂದು ಜಡ್ಜುಗಳು ಒಂದೇ ಮಾತು ಹೇಳಿದ ಮೇಲೂ ಇಷ್ಟು ಜಗಳ ಯಾಕೆ?

ವಕೀಲರ ಉತ್ತರ:
ಒಳ್ಳೆಯ ಪ್ರಶ್ನೆ ಕಣಪ್ಪಾ. ಆ ತೀರ್ಪು ಬಂದದ್ದು 2019ರ ಸೆಪ್ಟೆಂಬರ್ 24ರಂದು. ಲಂಡನ್ನಿನಲ್ಲಿ ಬೆಳಗ್ಗೆ ಹತ್ತೂವರೆ, ನಮಗೆ ಮಧ್ಯಾಹ್ನ ಮೂರು. ಧಾರವಾಡದಲ್ಲಿ ನಮ್ಮ ಕೋರ್ಟಿನ ಕ್ಯಾಂಟೀನಿನಲ್ಲಿ ನಾಲ್ಕೈದು ಜನ ಒಂದೇ ಮೊಬೈಲಿಗೆ ತಲೆ ಕೊಟ್ಟು ಕೂತಿದ್ದೆವು. ಅಲ್ಲಿನ ಸುಪ್ರೀಂ ಕೋರ್ಟಿನ ಮುಖ್ಯಸ್ಥೆ ಲೇಡಿ ಹೇಲ್ ಕಪ್ಪು ಉಡುಪಿನ ಮೇಲೆ ದೊಡ್ಡದೊಂದು ಜೇಡದ ಪಿನ್ನು ಹಾಕಿಕೊಂಡು ಬಂದಿದ್ದರು. ಚಹಾ ತಂದ ಹುಡುಗ ಕೂಡ ಕೇಳಿದ್ದು, 'ಅದೇನ್ರೀ ಜೇಡ?' ಅಂತಲೇ. ತೀರ್ಪಿಗಿಂತ ಮೊದಲು ಜನರ ಕಣ್ಣಿಗೆ ಬಿದ್ದದ್ದು ಆ ಜೇಡ. ಅಲ್ಲಿ ಅದೇ ದಿನ ಜೇಡದ ಚಿತ್ರದ ಟೀ ಶರ್ಟುಗಳು ಮಾರಾಟಕ್ಕೆ ಬಂದವು.

ಈಗ ನಿನ್ನ ಪ್ರಶ್ನೆ. ಜಡ್ಜುಗಳು ಉತ್ತರ ಕೊಟ್ಟದ್ದು ಒಂದು ಪ್ರಶ್ನೆಗೆ, ಜನ ಕೇಳಿಸಿಕೊಂಡದ್ದು ಇನ್ನೊಂದು ಪ್ರಶ್ನೆಯ ಉತ್ತರವನ್ನು. ಕೋರ್ಟಿನ ಮುಂದಿದ್ದದ್ದು, 'ಕಾರಣ ಹೇಳದೆ ಪಾರ್ಲಿಮೆಂಟಿನ ಬಾಯಿ ಮುಚ್ಚಿಸಬಹುದೇ?' ಅನ್ನುವ ಪ್ರಶ್ನೆ. ಜನರ ತಲೆಯಲ್ಲಿ ಇದ್ದದ್ದು, 'ಬ್ರೆಕ್ಸಿಟ್ ಆಗುತ್ತೋ ಇಲ್ವೋ?' ಯುರೋಪಿಯನ್ ಒಕ್ಕೂಟದಿಂದ ಹೊರಬರಲು ಅಕ್ಟೋಬರ್ 31ರ ಗಡುವಿತ್ತು. 2016ರ ಜನಮತದಲ್ಲಿ ಸುಮಾರು 52ಕ್ಕೆ 48ರಷ್ಟು ಓಟು ಬಿದ್ದಿದ್ದವು. ದೇಶ ಆಗಲೇ ಎರಡು ಹೋಳಾಗಿತ್ತು. ತೀರ್ಪಿನ ದಿನ ನಡೆದ ಒಂದು ಸಮೀಕ್ಷೆಯಲ್ಲಿ ಸುಮಾರು ಅರ್ಧ ಜನ ಸರಿ ಎಂದರು, ಹತ್ತರಲ್ಲಿ ಮೂವರು ತಪ್ಪು ಎಂದರು, ಉಳಿದವರು ಗೊತ್ತಿಲ್ಲ ಎಂದರು. ಒಳಗೆ ಹೊಕ್ಕು ನೋಡಿದರೆ ಒಕ್ಕೂಟದಲ್ಲೇ ಉಳಿಯಬೇಕೆಂದಿದ್ದವರಿಗೆ ತೀರ್ಪು ಸರಿ, ಹೊರಬರಬೇಕೆಂದಿದ್ದವರಲ್ಲಿ ಜಾಸ್ತಿ ಜನಕ್ಕೆ ತಪ್ಪು. ತೀರ್ಪು ಓದಿ ಅಭಿಪ್ರಾಯ ಮಾಡಿಕೊಂಡವರು ಎಷ್ಟಿದ್ದಾರು! ತಾನು ಹಿಡಿದ ಮೊಲಕ್ಕೆ ಮೂರೇ ಕಾಲು, ಅಷ್ಟೆ.

ಪ್ರಶ್ನೆ (ಪಿಯು ಉಪನ್ಯಾಸಕಿ, ಹಾಸನ):
ಮೇಡಂ, ಅಧಿವೇಶನ ಮುಗಿಸುವುದು ಮಾಮೂಲಿ ಅಲ್ವಾ? ನಮ್ಮ ವಿಧಾನಸಭೆಯೂ ಮುಗಿಯುತ್ತದೆ, ಯಾರೂ ಬೀದಿಗೆ ಇಳಿಯುವುದಿಲ್ಲ. ಅವರು ಯಾಕೆ ಅಷ್ಟು ರೊಚ್ಚಿಗೆದ್ದರು?

ವಕೀಲರ ಉತ್ತರ:
ಮಾಮೂಲಿಯೇ. ಅಲ್ಲಿ ಪ್ರೊರೋಗ್ ಅಂದರೆ ಒಂದು ಅಧಿವೇಶನ ಮುಗಿಸಿ, ರಾಣಿಯ (ಈಗಾದರೆ ರಾಜನ) ಭಾಷಣದೊಂದಿಗೆ ಹೊಸದನ್ನು ಶುರು ಮಾಡುವುದು. ಸಾಮಾನ್ಯವಾಗಿ ಕೆಲವೇ ದಿನಗಳ ಕೆಲಸ. ಈ ಸಲ ಐದು ವಾರ.

ಬಹಳ ಜನ ಗಲಿಬಿಲಿ ಮಾಡಿಕೊಂಡದ್ದು ಎಲ್ಲಿ ಅಂದರೆ, ಬಿಡುವು ಬೇರೆ, ಪ್ರೊರೋಗ್ ಬೇರೆ. ಸದನ ತಾನೇ ಓಟು ಹಾಕಿ ಬಿಡುವು ತೆಗೆದುಕೊಳ್ಳುತ್ತದೆ. ಆಗಲೂ ಸಮಿತಿಗಳು ಸೇರಬಹುದು, ಮಂತ್ರಿಗಳಿಗೆ ಲಿಖಿತ ಪ್ರಶ್ನೆ ಕಳಿಸಬಹುದು. ಪ್ರೊರೋಗ್ ಆದರೆ ಎಲ್ಲವೂ ನಿಲ್ಲುತ್ತದೆ. ಅದಕ್ಕೆ ಸದನದ ಒಪ್ಪಿಗೆಯೂ ಬೇಡ, ಪ್ರಧಾನಿ ಸಲಹೆ ಕೊಟ್ಟರೆ ಆಗ ರಾಣಿಯ ಸಹಿ, ಈಗ ರಾಜನ ಸಹಿ. ಅರ್ಧಕ್ಕೆ ನಿಂತ ಮಸೂದೆಗಳು ಸಾಮಾನ್ಯವಾಗಿ ಬಿದ್ದೇ ಹೋಗುತ್ತವೆ. ಆ ಸಲ ಕೌಟುಂಬಿಕ ದೌರ್ಜನ್ಯ ತಡೆಯುವ ಮಸೂದೆ ಹಾಗೇ ಬಿತ್ತು. ನಮ್ಮಲ್ಲಿ ಹಾಗಿಲ್ಲ ನೋಡಿ. ಸಂವಿಧಾನದ 107ನೇ ವಿಧಿ ಪ್ರಕಾರ ಅಧಿವೇಶನ ಮುಗಿದರೂ ಮಸೂದೆ ಸಾಯುವುದಿಲ್ಲ.

ಆಗಸ್ಟ್ 28ಕ್ಕೆ ಸ್ಕಾಟ್ಲೆಂಡಿನ ಬಾಲ್ಮೋರಲ್ ಅರಮನೆಯಲ್ಲಿ ರಾಣಿ ಒಪ್ಪಿದರು. ಸ್ಪೀಕರ್ ಜಾನ್ ಬರ್ಕೋ ಅದೇ ದಿನ ಇದು ಸಂವಿಧಾನಕ್ಕೆ ಮಾಡಿದ ಅನಾಚಾರ ಎಂದರು. ಸಂಜೆಯೊಳಗೆ ಜನ ಬೀದಿಯಲ್ಲಿ. ಪಾರ್ಲಿಮೆಂಟಿನ ವೆಬ್‌ಸೈಟಿನಲ್ಲಿದ್ದ ಮನವಿಗೆ ನೋಡನೋಡುತ್ತಲೇ ಹತ್ತು ಲಕ್ಷ ಸಹಿ ದಾಟಿತು. ಸೆಪ್ಟೆಂಬರ್ 10ರ ನಡುರಾತ್ರಿ ಸದನ ಮುಚ್ಚುವ ಶಾಸ್ತ್ರ ನಡೆಯುವಾಗ ವಿರೋಧ ಪಕ್ಷದವರು 'ಬಾಯಿ ಮುಚ್ಚಿಸಲಾಗಿದೆ' ಎಂಬ ಅರ್ಥದ ಚೀಟಿ ಹಿಡಿದು ನಿಂತಿದ್ದರು. ಕೆಲವರು ಸ್ಪೀಕರ್ ಪೀಠದ ಹತ್ತಿರ ಹೋಗಿ ಅವರು ಏಳದಂತೆ ತಡೆಯಲು ನೋಡಿದರು. ಆಮೇಲೆ ಸ್ಕಾಟಿಷ್, ವೆಲ್ಷ್ ಹಾಡುಗಳು. ನಮ್ಮವರು ಸದನದ ಬಾವಿಗೆ ಇಳಿಯುತ್ತಾರೆ ಅಂತ ನಗುವವರಿಗೆ ಆ ವಿಡಿಯೋ ಒಮ್ಮೆ ತೋರಿಸಬೇಕು!

ಪ್ರತಿಕ್ರಿಯೆ (ಇಂಗ್ಲೆಂಡಿನಲ್ಲಿರುವ ಸದಸ್ಯ):
ಅಕ್ಕಾ, ಆಗ ನಾನು ಇಲ್ಲೇ ಇದ್ದೆ. ತೀರ್ಪು ಬಂದಾಗ ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ ಕೆಟಲ್ ಪಕ್ಕ ಇಬ್ಬರು ನಿಂತಿದ್ದರು. ಒಬ್ಬಾಕೆ ಕಪ್ಪು ಹಿಡಿದುಕೊಂಡೇ ಅತ್ತುಬಿಟ್ಟರು, ಖುಷಿಗೆ. ಇನ್ನೊಬ್ಬ, ನಮ್ಮ ಟೀಮಿನ ಹಿರಿಯ, 'ನನ್ನ ಓಟನ್ನು ಹನ್ನೊಂದು ಜನ ಕಸದ ಬುಟ್ಟಿಗೆ ಹಾಕಿದರು' ಅಂತ ಹೇಳಿ ಸೀಟಿಗೆ ಹೋದ. ಒಂದು ವಾರ ಇಬ್ಬರೂ ಮಾತಾಡಲಿಲ್ಲ. ತಮಾಷೆ ಅಂದರೆ, 2016ರಲ್ಲಿ ನಾನೂ ಓಟು ಹಾಕಿದ್ದೆ. ಕಾಮನ್‌ವೆಲ್ತ್ ದೇಶದವರು ಇಲ್ಲಿ ವಾಸವಿದ್ದರೆ ಓಟು ಉಂಟು. ನನ್ನದು ಇಂಡಿಯನ್ ಪಾಸ್‌ಪೋರ್ಟು. ಪಕ್ಕದ ಮನೆಯ ಪೋಲೆಂಡಿನವರಿಗೆ ಓಟಿಲ್ಲ, ಹೊಡೆತ ಬಿದ್ದದ್ದು ಅವರಿಗೆ.

ನನ್ನ ಪ್ರಶ್ನೆ: ಆ ಹಿರಿಯ ಹೇಳಿದ್ದರಲ್ಲಿ ಹುರುಳೇ ಇಲ್ವಾ? ಇಂಗ್ಲೆಂಡಿನ ಹೈಕೋರ್ಟೇ ಮೊದಲು ಇದು ರಾಜಕೀಯ, ನಾವು ಕೈ ಹಾಕಲ್ಲ ಅಂದಿತ್ತಲ್ಲ?

ವಕೀಲರ ಉತ್ತರ:
ಹುರುಳಿದೆ ತಮ್ಮಾ. ಅವನಿಗೆ ಸಿಟ್ಟು ಬಂದದ್ದನ್ನು ನಾನು ತಳ್ಳಿಹಾಕುವುದಿಲ್ಲ. ಮೂರು ವರ್ಷ ಕಾದಿದ್ದವನು. ಮೇಲಾಗಿ ಜೀನಾ ಮಿಲ್ಲರ್ ಎಂಬ ಉದ್ಯಮಿ ಹಾಕಿದ ಕೇಸಿನಲ್ಲಿ ಹೈಕೋರ್ಟಿನ ಮೂವರು ಹಿರಿಯ ಜಡ್ಜುಗಳು ನೀನು ಹೇಳಿದ ಹಾಗೆಯೇ ಅರ್ಜಿ ವಜಾ ಮಾಡಿದ್ದರು. ಆದರೆ ಸಂಸದೆ ಜೊವಾನ್ನಾ ಚೆರ್ರಿ ಮತ್ತು ಎಪ್ಪತ್ತಕ್ಕೂ ಜಾಸ್ತಿ ಸಂಸದರು ಸ್ಕಾಟ್ಲೆಂಡಿನಲ್ಲಿ ಹಾಕಿದ್ದ ಕೇಸಿನ ಮೇಲ್ಮನವಿಯಲ್ಲಿ ಅಲ್ಲಿನ ಮೂವರು ಜಡ್ಜುಗಳು ಸೆಪ್ಟೆಂಬರ್ 11ಕ್ಕೆ ಉಲ್ಟಾ ಹೇಳಿದರು. ಪಾರ್ಲಿಮೆಂಟಿಗೆ ಅಡ್ಡಗಾಲು ಹಾಕುವುದೇ ಇದರ ಉದ್ದೇಶ ಎಂದರು. ಒಂದೇ ದೇಶ, ಎರಡು ಕೋರ್ಟು, ಎರಡು ಉತ್ತರ. ಸುಪ್ರೀಂ ಕೋರ್ಟು ಸುಮ್ನೆ ಕೂರುವ ಹಾಗಿರಲಿಲ್ಲ.

ಅಲ್ಲಿ ಹನ್ನೊಂದು ಜನ ಮೂರು ದಿನ ಕೇಳಿದರು. ಪ್ರಧಾನಿಯ ಮನಸ್ಸಿನಲ್ಲಿ ಏನಿತ್ತು ಎಂಬ ಗೊಡವೆಗೆ ಹೋಗಲಿಲ್ಲ. ಅದು ಜಾಣತನ. ಬದಲಿಗೆ ಅಧಿಕಾರಕ್ಕೆ ಒಂದು ಗೆರೆ ಎಳೆದರು: ಸರ್ಕಾರವನ್ನು ಪ್ರಶ್ನಿಸುವ, ಕಾನೂನು ಮಾಡುವ ಪಾರ್ಲಿಮೆಂಟಿನ ಕೆಲಸಕ್ಕೆ ಸಕಾರಣವಿಲ್ಲದೆ ಅಡ್ಡಿಯಾದರೆ ಆ ಪ್ರೊರೋಗ್ ಕಾನೂನುಬಾಹಿರ. ಬೇಸಿಗೆ ಬಿಡುವು ಮುಗಿದು ಗಡುವು ಬರುವವರೆಗೆ ಇದ್ದದ್ದೇ ಎಂಟು ವಾರ, ಅದರಲ್ಲಿ ಐದು ಹೋಯಿತು. ಕಾರಣ ಏನು, ಹೇಳಿ ಅಂದರು.

ಇಲ್ಲೇ ನೋಡು ಕೇಸು ಬಿದ್ದದ್ದು. ಕಾರಣ ಹೇಳಿ ಪ್ರಮಾಣಪತ್ರ ಹಾಕಲು ಸರ್ಕಾರದ ಕಡೆಯಿಂದ ಯಾರೂ ಮುಂದೆ ಬರಲಿಲ್ಲ. ಪ್ರಧಾನಿಯೂ ಇಲ್ಲ, ಮಂತ್ರಿಯೂ ಇಲ್ಲ, ಅಧಿಕಾರಿಯೂ ಇಲ್ಲ. ಕೋರ್ಟಿನ ಮುಂದೆ ಇದ್ದದ್ದು ಒಂದಿಷ್ಟು ಕಡತದ ಹಾಳೆ. ಆಗಸ್ಟ್ 15ರ ಟಿಪ್ಪಣಿಯಲ್ಲಿ ಅಧಿಕಾರಿ, 'ಹೀಗೆ ಮಾಡೋಣವೇ?' ಎಂದು ಕೇಳಿದ್ದಾರೆ. ಪ್ರಧಾನಿ 'ಹೌದು' ಎಂದು ಟಿಕ್ ಹಾಕಿದ್ದಾರೆ. ಮರುದಿನ ಕೈಬರಹದಲ್ಲಿ ಒಂದು ಷರಾ: ಸೆಪ್ಟೆಂಬರ್ ಅಧಿವೇಶನವೇ ಒಂದು ಕಾಟಾಚಾರ, ಇದರಲ್ಲಿ ಬೆಚ್ಚಿಬೀಳುವಂಥದ್ದೇನಿಲ್ಲ ಅನ್ನುವ ಅರ್ಥದ್ದು. ರಾಣಿಯ ಭಾಷಣ ತಯಾರಿಸಲು ನಾಲ್ಕರಿಂದ ಆರು ದಿನ ಸಾಕು ಎಂದು ಸಾಕ್ಷ್ಯ ಕೊಟ್ಟವರು ಜಾನ್ ಮೇಜರ್, ಜಾನ್ಸನ್ ಅವರದೇ ಪಕ್ಷದ ಮಾಜಿ ಪ್ರಧಾನಿ! ಅದನ್ನು ಅಲ್ಲಗಳೆಯುವ ಒಂದು ಕಾಗದವನ್ನೂ ಸರ್ಕಾರ ಕೊಡಲಿಲ್ಲ.

ಇಪ್ಪತ್ತು ವರ್ಷದಿಂದ ರಿಟ್ ಅರ್ಜಿ ನಡೆಸುತ್ತಿದ್ದೇನೆ. ತಕರಾರು ಹಾಕದೆ ವಾಯಿದೆ ಮೇಲೆ ವಾಯಿದೆ ಕೇಳುವ ಇಲಾಖೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಹೇಳಲು ಒಳ್ಳೆಯ ಕಾರಣ ಇದ್ದವರು ಓಡಿ ಬಂದು ಹೇಳುತ್ತಾರೆ. ಹಾಗಾಗಿ ನನ್ನ ಮಟ್ಟಿಗೆ ಆ ತೀರ್ಪು ಸರಿ.

ಪ್ರಶ್ನೆ (ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ):
ಅಂದರೆ ಪ್ರಧಾನಿ ರಾಣಿಗೇ ಸುಳ್ಳು ಹೇಳಿದರು ಅಂತ ಕೋರ್ಟ್ ತೀರ್ಮಾನಿಸಿತು ಅಲ್ವೇನಮ್ಮಾ? ವಾಟ್ಸಾಪಿನಲ್ಲಿ ಹಾಗೇ ಓದಿದ ನೆನಪು.

ವಕೀಲರ ಉತ್ತರ:
ಇಲ್ಲ ಸರ್. ಸಲಹೆ ಕಾನೂನುಬಾಹಿರ ಎಂದಿತು, ಸುಳ್ಳು ಎಂದು ಎಲ್ಲೂ ಹೇಳಲಿಲ್ಲ. ಪತ್ರಕರ್ತರು ಕೇಳಿದಾಗ ಜಾನ್ಸನ್ ಖಂಡಿತ ಇಲ್ಲ ಎಂದಿದ್ದರು. ಆ ವಾಟ್ಸಾಪ್ ಸಂದೇಶ ಅಳಿಸಿಬಿಡಿ.

ಪ್ರಶ್ನೆ (ಅದೇ ವಿದ್ಯಾರ್ಥಿ):
ತೀರ್ಪು ಬಂದ ಮೇಲೆ ಏನಾಯ್ತು ಮೇಡಂ? ಮತ್ತೆ ಅಧಿವೇಶನ ಕರೆದರಾ?

ವಕೀಲರ ಉತ್ತರ:
ಕರೆಯುವ ಪ್ರಶ್ನೆಯೇ ಬರಲಿಲ್ಲ. ಆ ಆದೇಶ ಹುಟ್ಟಲೇ ಇಲ್ಲ ಎಂದಿತು ಕೋರ್ಟು. ಮುಚ್ಚಲು ಬಂದವರು ಸದನಕ್ಕೆ ಖಾಲಿ ಹಾಳೆ ಹಿಡಿದು ಬಂದಂತೆ ಎಂದರು. ಹಾಗಾಗಿ ಸದನ ಮುಚ್ಚೇ ಇರಲಿಲ್ಲ! ಮಾರನೇ ದಿನ ಹನ್ನೊಂದೂವರೆಗೆ ಬರ್ಕೋ ಕಲಾಪ ಶುರು ಮಾಡಿದರು. ಬಿದ್ದಿದ್ದ ಆ ಕೌಟುಂಬಿಕ ದೌರ್ಜನ್ಯದ ಮಸೂದೆಗೆ ಜೀವ ಬಂತು. ನಮ್ಮಂಥವರಿಗೆ ಚಪ್ಪರಿಸುವ ವಿಷಯ ಇನ್ನೊಂದಿದೆ: ಮುಚ್ಚುವ ಶಾಸ್ತ್ರದಲ್ಲೇ ರಾಣಿಯ ಅಂಕಿತ ಪಡೆದಿದ್ದ ಒಂದು ಕಾಯ್ದೆ, ಪಾರ್ಲಿಮೆಂಟ್ ಕಟ್ಟಡದ ದುರಸ್ತಿಯದು, ಅದೂ ಲೆಕ್ಕಕ್ಕಿಲ್ಲದಾಯಿತು. ಅಕ್ಟೋಬರಿನಲ್ಲಿ ಮತ್ತೆ ಅಂಕಿತ ಹಾಕಿಸಿದರು.

ತೀರ್ಪು ಬಂದಾಗ ಜಾನ್ಸನ್ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಸಭೆಯಲ್ಲಿದ್ದರು. ರಾತ್ರೋರಾತ್ರಿ ವಾಪಸ್ ಬಂದು, ಗೌರವಿಸುತ್ತೇನೆ ಆದರೆ ಕೋರ್ಟ್ ಹೇಳಿದ್ದು ತಪ್ಪು ಎಂದು ಸದನದಲ್ಲೇ ಹೇಳಿದರು. ಅಟಾರ್ನಿ ಜನರಲ್ ಜೆಫ್ರಿ ಕಾಕ್ಸ್ ಇದು ಸತ್ತ ಪಾರ್ಲಿಮೆಂಟು ಎಂದು ಗುಡುಗಿದರು. ಆ ಸಂಜೆಯ ಚರ್ಚೆ ಎಷ್ಟು ಕೆಟ್ಟಿತೆಂದರೆ, 2016ರಲ್ಲಿ ಕೊಲೆಯಾದ ಸಂಸದೆ ಜೋ ಕಾಕ್ಸ್ ಅವರನ್ನು ನೆನಪಿಸಿ, ನಮಗೂ ಬೆದರಿಕೆ ಬರುತ್ತಿದೆ, ಮಾತು ಹಿಡಿತದಲ್ಲಿರಲಿ ಎಂದು ಕೇಳಿಕೊಂಡ ಸದಸ್ಯೆಗೆ ಪ್ರಧಾನಿ 'ಬರೀ ಬೂಟಾಟಿಕೆ' ಎನ್ನುವ ಅರ್ಥದಲ್ಲಿ ಉತ್ತರಿಸಿದರು. ನನಗೆ ಇಡೀ ಪ್ರಕರಣದಲ್ಲಿ ಕಹಿಯಾಗಿ ಉಳಿದದ್ದು ಅದು.

ಜಡ್ಜುಗಳಿಗೆ ಬೈಗುಳ ಹೊಸದೇನಲ್ಲ. 2016ರಲ್ಲೇ, ಬ್ರೆಕ್ಸಿಟ್ ಶುರು ಮಾಡಲು ಪಾರ್ಲಿಮೆಂಟಿನ ಒಪ್ಪಿಗೆ ಬೇಕು ಅಂತ ಜೀನಾ ಮಿಲ್ಲರ್ ಹಾಕಿದ್ದ ಮೊದಲ ಕೇಸಿನಲ್ಲಿ ಹೈಕೋರ್ಟಿನ ಮೂವರು ಜಡ್ಜುಗಳ ಫೋಟೋ ಹಾಕಿ ಡೈಲಿ ಮೇಲ್ ಪತ್ರಿಕೆ ಮುಖಪುಟದಲ್ಲಿ 'ಜನರ ಶತ್ರುಗಳು' ಎಂದು ಅಚ್ಚು ಹಾಕಿತ್ತು. ಗಯಾನಾದಲ್ಲಿ ಹುಟ್ಟಿದ, ಭಾರತ ಮೂಲದ ಆ ಹೆಣ್ಣುಮಗಳಿಗಂತೂ ಕೊಲೆ ಬೆದರಿಕೆ, ಮೈಬಣ್ಣದ ಬೈಗುಳ. ಫೇಸ್‌ಬುಕ್ಕಿನಲ್ಲಿ ಬೆದರಿಕೆ ಬರೆದ ಒಬ್ಬ ಶ್ರೀಮಂತ ಮನೆತನದವನು ಜೈಲಿಗೂ ಹೋದ.

ಪ್ರಶ್ನೆ (ಪತ್ರಿಕೆಯೊಂದರ ಉಪಸಂಪಾದಕ, ಬೆಂಗಳೂರು):
ನಮ್ಮಲ್ಲಿ ಇಂಥದ್ದು ನಡೆದರೆ ಕೋರ್ಟ್ ಏನು ಮಾಡೀತು ಮೇಡಂ?

ವಕೀಲರ ಉತ್ತರ:
85ನೇ ವಿಧಿ ಪ್ರಕಾರ ರಾಷ್ಟ್ರಪತಿ, 174ರ ಪ್ರಕಾರ ರಾಜ್ಯಪಾಲರು ಅಧಿವೇಶನ ಮುಗಿಸಬಹುದು. ಎರಡು ಅಧಿವೇಶನಗಳ ನಡುವೆ ಆರು ತಿಂಗಳು ದಾಟಬಾರದು, ಅದೊಂದೇ ಬರೆದಿಟ್ಟ ಬೇಲಿ. 1968ರಲ್ಲಿ ಪಂಜಾಬಿನಲ್ಲಿ ಸ್ಪೀಕರ್ ಬಜೆಟ್ ಹೊತ್ತಿನಲ್ಲಿ ಸದನವನ್ನು ಎರಡು ತಿಂಗಳು ಮುಂದೂಡಿದರು. ರಾಜ್ಯಪಾಲರು ಅಧಿವೇಶನ ಮುಗಿಸಿ, ಕೂಡಲೇ ಹೊಸದಾಗಿ ಕರೆದರು. ಸುಪ್ರೀಂ ಕೋರ್ಟು ರಾಜ್ಯಪಾಲರ ಪರ ನಿಂತಿತು. ಅಲ್ಲಿ ಮುಗಿಸಿದ್ದು ಸದನ ಸೇರಲಿ ಅಂತ, ಲಂಡನ್ನಿನಲ್ಲಿ ಸೇರದೆ ಇರಲಿ ಅಂತ. ವ್ಯತ್ಯಾಸ ಅಷ್ಟೇ.

ನಮ್ಮ ರಾಜ್ಯದ್ದೇ ಹೇಳಬೇಕೆಂದರೆ ಎಸ್.ಆರ್. ಬೊಮ್ಮಾಯಿ ಕೇಸು. 1989ರ ಏಪ್ರಿಲ್‌ನಲ್ಲಿ ಹತ್ತೊಂಬತ್ತು ಶಾಸಕರ ಪತ್ರ ನಂಬಿ ರಾಜ್ಯಪಾಲರು ವರದಿ ಕಳಿಸಿದರು. ಸದನದಲ್ಲೇ ಬಹುಮತ ತೋರಿಸುತ್ತೇನೆ ಅಂತ ಮುಖ್ಯಮಂತ್ರಿ ಬೊಮ್ಮಾಯಿ ಅಂದರೂ ಕೇಳದೆ ಕೇಂದ್ರದವರು ರಾಜ್ಯ ಸರ್ಕಾರವನ್ನು ವಜಾ ಮಾಡಿದರು. ಒಂಬತ್ತು ಜಡ್ಜುಗಳ ಪೀಠ ಅದು ತಪ್ಪು ಎಂದದ್ದು 1994ರ ಮಾರ್ಚ್ 11ಕ್ಕೆ. ಐದು ವರ್ಷ! ಬೊಮ್ಮಾಯಿಯವರಿಗೆ ಕುರ್ಚಿ ವಾಪಸ್ ಸಿಗಲಿಲ್ಲ. ಆದರೆ ಬಹುಮತ ಎಣಿಸುವ ಜಾಗ ರಾಜಭವನ ಅಲ್ಲ, ಸದನ ಅನ್ನುವುದು ಗಟ್ಟಿಯಾಯಿತು. ಅದರ ಬಲದಿಂದಲೇ 2018ರ ಮೇ ತಿಂಗಳಲ್ಲಿ, ರಾಜ್ಯಪಾಲರು ಯಡಿಯೂರಪ್ಪ ಅವರಿಗೆ ಕೊಟ್ಟಿದ್ದ ಹದಿನೈದು ದಿನವನ್ನು ಕೋರ್ಟು ಮೊಟಕು ಮಾಡಿ, ನಾಳೆ ಸಂಜೆ ನಾಲ್ಕಕ್ಕೇ ವಿಶ್ವಾಸಮತ ಎಂದಿತು. ಅವರು ಮತಕ್ಕೆ ಹಾಕದೆಯೇ ರಾಜೀನಾಮೆ ಕೊಟ್ಟರು.

ಬ್ರಿಟನ್ನಿನವರು ಆಗಸ್ಟ್ 28ರ ಆದೇಶಕ್ಕೆ ಸೆಪ್ಟೆಂಬರ್ 24ಕ್ಕೇ ಕೊನೆಯ ತೀರ್ಪು ಪಡೆದರು. ನಾಲ್ಕೇ ವಾರ. ನನಗೆ ಹೊಟ್ಟೆಕಿಚ್ಚಾಗುವುದು ಅಲ್ಲಿ.

ಪ್ರತಿಕ್ರಿಯೆ (ಇಂಗ್ಲೆಂಡಿನ ಸದಸ್ಯ):
ಅಕ್ಕಾ, ಒಂದು ಕಾಕತಾಳೀಯ. ಕುಮಾರಸ್ವಾಮಿ ಸರ್ಕಾರ ವಿಶ್ವಾಸಮತ ಸೋತದ್ದು 2019ರ ಜುಲೈ 23. ಜಾನ್ಸನ್ ಪ್ರಧಾನಿಯಾದದ್ದು 24. ಆ ವಾರ ನಮ್ಮ ಮನೆಯಲ್ಲಿ ಎರಡು ಸ್ಕ್ರೀನ್ ಓಡುತ್ತಿದ್ದವು, ಒಂದರಲ್ಲಿ ವಿಧಾನಸೌಧ, ಇನ್ನೊಂದರಲ್ಲಿ ಡೌನಿಂಗ್ ಸ್ಟ್ರೀಟ್.

ಕೊನೆಯದಾಗಿ ಕೇಳ್ತೀನಿ. ಕೋರ್ಟಿನಲ್ಲಿ ಸೋತ ಮನುಷ್ಯ ಡಿಸೆಂಬರ್ 12ರ ಚುನಾವಣೆಯಲ್ಲಿ 365 ಸೀಟು ಗೆದ್ದರಲ್ಲ. ಹಾಗಾದರೆ ಜನ ತೀರ್ಪನ್ನು ತಿರಸ್ಕರಿಸಿದ ಹಾಗೆ ಆಯ್ತಲ್ವಾ?

ವಕೀಲರ ಉತ್ತರ:
ಬ್ರೆಕ್ಸಿಟ್ ಮುಗಿಸಿಬಿಡೋಣ ಅಂತ ಓಟು ಹಾಕಿದರು, ತೀರ್ಪಿನ ಮೇಲೆ ಯಾರೂ ಓಟು ಕೇಳಿರಲಿಲ್ಲ. ಜಾನ್ಸನ್ ಅಕ್ಟೋಬರಿನಲ್ಲಿ ಮತ್ತೊಮ್ಮೆ ಪ್ರೊರೋಗ್ ಮಾಡಿದ್ದು ನೆನಪಿದೆಯಾ? 8ರಿಂದ 14ರವರೆಗೆ. ಒಂದು ವಾರವೂ ಇಲ್ಲ. ಆಗ ಯಾರೂ ಕೋರ್ಟಿಗೆ ಹೋಗಲಿಲ್ಲ. 2022ರಲ್ಲಿ ಹೊಸ ಕಾಯ್ದೆ ತಂದು ಪಾರ್ಲಿಮೆಂಟನ್ನು ವಿಸರ್ಜಿಸುವ ಅಧಿಕಾರವನ್ನು ಕೋರ್ಟುಗಳು ಪ್ರಶ್ನಿಸುವ ಹಾಗಿಲ್ಲ ಅಂತ ಬರೆದರು. ಪ್ರೊರೋಗ್ ವಿಷಯಕ್ಕೆ ಮಾತ್ರ ಕೈ ಹಚ್ಚಲಿಲ್ಲ.

ಅಂದಹಾಗೆ, ಆ ಇಬ್ಬರು ಈಗಾದರೂ ಮಾತಾಡ್ತಾರಾ?

ಪ್ರತಿಕ್ರಿಯೆ (ಇಂಗ್ಲೆಂಡಿನ ಸದಸ್ಯ):
ಹವಾಮಾನದ ಬಗ್ಗೆ ಮಾತ್ರ, ಅಕ್ಕಾ.