‘ಐಎಫ್-ಮಿಬ್ ಸಪೋರ್ಟ್ ಇದೆ’ ಅಂತಾರೆ, ಪೋರ್ಟ್ ಮಾತ್ರ ಬಂದ್ ಆಗಲ್ಲ!

ಹಾಸ್ಟೆಲ್_ನೆಟ್:
ಧಾರವಾಡದ ಒಂದು ಕಾಲೇಜಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ರಾತ್ರಿ 11ಕ್ಕೆ ಹಾಸ್ಟೆಲ್ ವೈಫೈ ಬಂದ್ ಆಗಬೇಕು ಅಂತ ವಾರ್ಡನ್ ಹಟ. ಆಕ್ಸೆಸ್ ಪಾಯಿಂಟ್ ಇರುವ ಸ್ವಿಚ್ ಪೋರ್ಟಿನ ಇಫ್‌ಅಡ್ಮಿನ್‌ಸ್ಟೇಟಸ್‌ಗೆ (ಪೋರ್ಟ್ ಆನ್-ಆಫ್ ಮಾಡುವ ಸೆಟ್ಟಿಂಗ್) ಎಸ್‌ಎನ್‌ಎಂಪಿಯಲ್ಲಿ (ನೆಟ್‌ವರ್ಕ್ ಸಾಧನಗಳನ್ನು ದೂರದಿಂದ ನೋಡಿಕೊಳ್ಳುವ ಪ್ರೋಟೋಕಾಲ್) 2, ಅಂದರೆ ಬಂದ್, ಅಂತ ಬರೆಯುವ ಪುಟ್ಟ ಸ್ಕ್ರಿಪ್ಟ್ ಇದೆ. ಹಳೆ ಸ್ವಿಚ್‌ಗಳಲ್ಲಿ ಎರಡು ವರ್ಷದಿಂದ ತಕರಾರಿಲ್ಲ. ಹೋದ ತಿಂಗಳು ಬಂದ ಆರು ಸ್ವಿಚ್‌ಗಳು ಮಾತ್ರ ‘ನಾಟ್‌ರೈಟಬಲ್’ (ಬರೆಯಲು ಆಗಲ್ಲ) ಅನ್ನುತ್ತಿವೆ. ಕಮ್ಯುನಿಟಿ ಸ್ಟ್ರಿಂಗ್ (ಎಸ್‌ಎನ್‌ಎಂಪಿಗೆ ಪಾಸ್‌ವರ್ಡ್ ಇದ್ದ ಹಾಗೆ) ಮೂರು ಸಲ ನೋಡಿದೆ, ಸರಿ ಇದೆ. ಡೇಟಾಶೀಟಲ್ಲಿ ಐಎಫ್-ಮಿಬ್ (ಪೋರ್ಟ್‌ಗಳ ಇಂಥ ಸೆಟ್ಟಿಂಗ್‌ಗಳ ಸ್ಟ್ಯಾಂಡರ್ಡ್ ಪಟ್ಟಿ) ಸಪೋರ್ಟ್ ಅಂತ ಬರೆದಿದ್ದಾರೆ. ಸುಳ್ಳು ಹೇಳಿದರಾ?

ಹಳೇ_ಮೋಡೆಮ್:
ಸುಳ್ಳಲ್ಲ, ಅದೇ ತಮಾಷೆ. ನಿಮಗೆ ಅನುಮತಿ ಇಲ್ಲದಿದ್ದರೆ ‘ನೋಆಕ್ಸೆಸ್’ ಬರಬೇಕಿತ್ತು. ‘ನಾಟ್‌ರೈಟಬಲ್’ ಅಂದರೆ ಅದನ್ನು ಬದಲಿಸೋದು ಆ ಏಜೆಂಟ್‌ಗೇ (ಸ್ವಿಚ್ ಒಳಗಿನ ಎಸ್‌ಎನ್‌ಎಂಪಿ ಸಾಫ್ಟ್‌ವೇರ್) ಬರಲ್ಲ. ಐಎಫ್-ಮಿಬ್‌ನ ಕಂಪ್ಲಯನ್ಸ್ ಭಾಗ (ಕನಿಷ್ಠ ಏನು ಇರಬೇಕು ಅನ್ನೋದು) ತೆಗೆದು ಓದಿ. ಇಫ್‌ಅಡ್ಮಿನ್‌ಸ್ಟೇಟಸ್ ಬರೆಯಲು ಬಿಡಲೇಬೇಕು ಅಂತಿಲ್ಲ, ಓದಲು ಕೊಟ್ಟರೆ ಸಾಕು. ಹಾಗಾಗಿ ‘ಸಪೋರ್ಟ್ ಇದೆ’ ಅನ್ನೋದು ಮದುವೆ ಬ್ರೋಕರ್ ಮಾತಿದ್ದ ಹಾಗೆ.

ಏಜೆಂಟ್‌ಗೆ ನಿಜವಾಗಿ ಏನು ಬರುತ್ತದೆ ಅಂತ ಬರೆದಿಡಲು ಏಜೆಂಟ್-ಕೇಪಬಿಲಿಟೀಸ್ ಅನ್ನೋ ಮ್ಯಾಕ್ರೋ (ಸಿದ್ಧ ನಮೂನೆ) ಇದೆ. 1992ರ ಆರ್‌ಎಫ್‌ಸಿ (ಇಂಟರ್ನೆಟ್‌ನ ತಾಂತ್ರಿಕ ದಾಖಲೆ) 1303ರ ಕಾಲದ ಯೋಚನೆ, ಈಗ 1999ರ 2580ರಲ್ಲಿದೆ. ಯಾವ ರಿಲೀಸ್, ಯಾವ ಮಿಬ್, ಅದರಲ್ಲಿ ಯಾವ ಗುಂಪು ಅಂತ ಹೇಳಿ, ಕೊರತೆ ಇರುವ ಕಡೆ ಹೀಗೆ ಒಪ್ಪಿಕೊಳ್ಳಬೇಕು:

ವೇರಿಯೇಷನ್ ಇಫ್‌ಅಡ್ಮಿನ್‌ಸ್ಟೇಟಸ್
ಆಕ್ಸೆಸ್ ರೀಡ್-ಓನ್ಲಿ

ಸ್ವಿಚ್‌ನಲ್ಲಿ 1.3.6.1.2.1.1.9 ವಾಕ್ ಮಾಡಿ (ಅದರಡಿ ಇರೋದನ್ನೆಲ್ಲ ಸಾಲಾಗಿ ಓದಿಸಿ). ಅದು ಸಿಸ್‌ಓಆರ್‌ಟೇಬಲ್. ಅದರ ಸಿಸ್‌ಓಆರ್‌ಐಡಿ ಈ ಹೇಳಿಕೆಯ ಓಐಡಿ (ಇಂಥದ್ದೇ ಚುಕ್ಕಿ-ಅಂಕಿಗಳ ಗುರುತು) ಕೊಡುತ್ತದೆ.

ಪಿಂಗ್_ಪಾಂಡು:
ಪುಸ್ತಕದಲ್ಲಿ ಚೆಂದ ಸರ್. ನನ್ನ ಲಿನಕ್ಸ್ ಡಬ್ಬದ ನೆಟ್-ಎಸ್‌ಎನ್‌ಎಂಪಿ ಏಜೆಂಟ್‌ನಲ್ಲಿ ವಾಕ್ ಮಾಡಿದರೆ ಟಿಸಿಪಿ-ಮಿಬ್, ಯುಡಿಪಿ-ಮಿಬ್ ಅಂತ ಬರೀ ಹೆಸರು ಬರುತ್ತದೆ. ಯಾವುದು ಅರೆಬರೆ ಅಂತ ಒಂದಕ್ಷರ ಇಲ್ಲ. ನೆಟ್‌ಕಾನ್ಫ್ (ಸಾಧನ ಕಾನ್ಫಿಗರ್ ಮಾಡುವ ಇನ್ನೊಂದು ಪ್ರೋಟೋಕಾಲ್) ಕಡೆ ಹೋಗಿ. ಹಲೋ ಹೇಳುವಾಗಲೇ ಕೇಪಬಿಲಿಟಿ ಪಟ್ಟಿ ಕೊಡುತ್ತದೆ, ಅದರ ಮಾಡೆಲ್ ಬರೆಯುವ ಭಾಷೆ ಯಾಂಗ್‌ನಲ್ಲಿ ಕೊರತೆ ಹೇಳಲು ಡೀವಿಯೇಷನ್ ಇದೆ.

ಹಳೇ_ಮೋಡೆಮ್:
ಡೀವಿಯೇಷನ್ ಅಂದರೆ ಇದೇ ವೇರಿಯೇಷನ್‌ನ ತಮ್ಮ ಅಲ್ವಾ! ಅದನ್ನೂ ಕಂಪನಿಯವರೇ ಪ್ರಾಮಾಣಿಕವಾಗಿ ಬರೆಯಬೇಕು.

ಹಾಸ್ಟೆಲ್_ನೆಟ್:
ನೋಡಿದೆ. ನಾಲ್ಕು ಸಾಲು ಬಂತು, ಒಂದರಲ್ಲಿ ಕಂಪನಿಯದೇ ಓಐಡಿ. ಅವರ ಮಿಬ್ ಜಿಪ್ ಬಿಚ್ಚಿ ಹುಡುಕಿದರೆ ನೀವು ಬರೆದ ಅದೇ ಎರಡು ಸಾಲು. ಜಿಪ್ ನನ್ನ ಡೌನ್‌ಲೋಡ್ಸಲ್ಲೇ ಬಿದ್ದಿತ್ತು, ಸುಮ್ನೆ ಎರಡು ದಿನ ಪೋರ್ಟ್ ಬೈದೆ. ಈಗ ಎಸ್‌ಎಸ್‌ಎಚ್ (ಸ್ವಿಚ್‌ಗೆ ಲಾಗಿನ್ ಆಗಿ ಕಮಾಂಡ್ ಕೊಡೋದು) ಬಿಟ್ಟರೆ ಗತಿ ಇಲ್ವಾ?

ಹಳೇ_ಮೋಡೆಮ್:
ಆಕ್ಸೆಸ್ ಪಾಯಿಂಟ್‌ಗೆ ಕರೆಂಟು ಅದೇ ಕೇಬಲ್ಲಲ್ಲಿ ಹೋಗುತ್ತಾ? ಹಾಗಿದ್ದರೆ ಪವರ್-ಈಥರ್ನೆಟ್-ಮಿಬ್‌ನ ಪೆಥ್‌ಪಿಎಸ್‌ಇಪೋರ್ಟ್‌ಅಡ್ಮಿನ್‌ಎನೇಬಲ್ ನೋಡಿ, 1.3.6.1.2.1.105.1.1.1.3. ಅದಕ್ಕೆ 2 ಬರೆದರೆ ಪೋರ್ಟಿನ ಕರೆಂಟೇ ಹೋಗುತ್ತದೆ. ಮೊದಲು ಅದೇ ಜಿಪ್‌ನಲ್ಲಿ ಅದಕ್ಕೂ ವೇರಿಯೇಷನ್ ಇದೆಯಾ ನೋಡಿಕೊಳ್ಳಿ.

ಹಾಸ್ಟೆಲ್_ನೆಟ್:
ವೇರಿಯೇಷನ್ ಇರಲಿಲ್ಲ. ಟೆಸ್ಟ್ ಅಂತ ಸಂಜೆ ಏಳಕ್ಕೆ ಒಂದು ಪೋರ್ಟಿಗೆ 2 ಬರೆದೆ. ಎರಡೇ ನಿಮಿಷಕ್ಕೆ ಎರಡನೇ ಮಹಡಿಯಿಂದ ಫೋನ್ ಬಂತು, ‘ಸರ್, ಇನ್ನೂ 11 ಆಗಿಲ್ಲ!’