ಕೆರೆ ಸಂಘ ಮತ್ತೆ ಕಟ್ಟಬೇಕು, ಮಾಡಿ ನೋಡಿದವರು ಹೇಳಿ

ಮುಳಬಾಗಿಲು ಕಡೆಯವನು:
ನಮ್ಮೂರ ಕೆರೆ 42 ಎಕರೆ. ಸಂಘ ನಿಂತುಹೋಗಿ ಹದಿನೈದು ವರ್ಷ ಆಯ್ತು. 2021ರಲ್ಲಿ ಕೋಡಿ ಬಿತ್ತು, 2023ರ ಬರದಲ್ಲಿ ಅದೇ ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡಿದ್ರು. ಮನೆಗೆ 2,000 ಎತ್ತಿ ಹೂಳು ತೆಗೆಸೋಣ ಅಂತ ಅರ್ಧ ಊರು, ಸರ್ಕಾರದ ಯೋಜನೆಗೆ ಕಾಯೋಣ ಅಂತ ಇನ್ನರ್ಧ. ಯಾವುದು ಸರಿ?

ಶ್ರೀನಿವಾಸಪುರ ಮಾವಿನತೋಟ:
ಕಾಯಬೇಡಿ. 2019ರಲ್ಲಿ ನಾವೇ ಮಾಡಿದ್ವಿ. ಹಿಟಾಚಿ ಗಂಟೆಗೆ 2,200, ಒಟ್ಟು 61 ಗಂಟೆ, 1,34,200. ಜೆಸಿಬಿಗೆ 40,000. ಡ್ರೈವರ್ ಭತ್ಯೆ, ಊಟ ಬೇರೆ. ಗೋಡು, ಅಂದ್ರೆ ಕೆರೆ ಹೂಳಿನ ಮಣ್ಣು, ಹೊಲಕ್ಕೆ ಹೊಡ್ಕೊಂಡವರ ಹತ್ರ ಲೋಡಿಗೆ 150 ಇಸ್ಕೊಂಡ್ವಿ. ಕೊನೆಗೆ 19,000 ನನ್ನ ಕೈಯಿಂದ ಹೋಯ್ತು, ಇವತ್ತಿಗೂ ಬಂದಿಲ್ಲ. ಲೆಕ್ಕದ ಪುಸ್ತಕ ಬೀರುವಲ್ಲಿದೆ.

ತಪ್ಪೂ ಆಯ್ತು. ಗೋಡಿನ ಆಸೆಗೆ ಏರಿ ಬುಡದವರೆಗೂ ತೋಡಿಬಿಟ್ರು. 2021ರ ನವೆಂಬರ್ ಮಳೇಲಿ ರಾತ್ರಿ ಹತ್ತಕ್ಕೆ ನೀರು ಬಿಡೋ ತೂಬಿನ ಎಡಕ್ಕೆ, ಏರಿ ಹಿಂದೆ ಊಟೆ ಎದ್ದಿತು, ಅಂದ್ರೆ ನೆಲದಿಂದ ನೀರು ಉಕ್ಕೋಕೆ ಶುರುವಾಯ್ತು. ಮೊದಲು ತಿಳಿನೀರು, ಆಮೇಲೆ ಕೆಂಪಗೆ. ಕೆಂಪಾಯ್ತು ಅಂದ್ರೆ ಒಳಗಿನ ಮಣ್ಣೇ ಕಿತ್ತು ಬರ್ತಿದೆ ಅಂತ. ಗೊಬ್ಬರದ ಚೀಲಕ್ಕೆ ಮರಳು ತುಂಬಿ ಸುತ್ತ ಕಟ್ಟಿದ್ವಿ, 140 ಚೀಲ. ಬೆಳಗಿನ ಜಾವಕ್ಕೆ ನೀರು ತಿಳಿಯಾಯ್ತು. ಏರಿ ಉಳೀತು.

ನೀರುಗಂಟಿ ಮನೆಯವನು:
ಆ ಪುಸ್ತಕದಲ್ಲಿ ನೀರುಗಂಟಿಗೆ ಎಷ್ಟು ಬರೆದಿದ್ದೀರಿ ಸಾರ್? ನಮ್ಮೂರಲ್ಲೂ ಸಂಘ ಆಯ್ತು. ನಮ್ಮ ತಾತನಿಂದ ತೂಬು ಎತ್ತಿ ಇಳಿಸೋದು ನಮ್ಮ ಮನೆ ಕೆಲಸ, ಸುಗ್ಗೀಲಿ ಕಣಕ್ಕೆ ಹೋದ್ರೆ ಆ ಕೆಲಸಕ್ಕೆ ಕೊಡೋ ಪಾಲು, ಆಯದ ರಾಗಿ, ಸಿಗ್ತಿತ್ತು. ಅಚ್ಚುಕಟ್ಟಲ್ಲಿ ಜಮೀನು ಇದ್ದವರಿಗಷ್ಟೇ ಸದಸ್ಯತ್ವ ಅಂದ್ರು. ಜಮೀನಿಲ್ಲದ ನಮ್ಮಪ್ಪ ಹೊರಗೆ. ತೂಬಿನ ಕೆಲಸ ಅಧ್ಯಕ್ಷರ ಭಾಮೈದನಿಗೆ. ಮೀನು ಹರಾಜಿನ 85,000ದಲ್ಲಿ ನಮ್ಮ ಕೇರಿಗೆ ಒಂದು ಪೈಸೆ ಬರಲಿಲ್ಲ. ಎರಡು ಬೆಳೆ ಆಗೋಷ್ಟರಲ್ಲಿ ಕೊನೇ ಗದ್ದೆಗಳಿಗೆ ನೀರೇ ಇಲ್ಲ.

ಮಾವಿನತೋಟ:
ನಿಮ್ಮೂರ ಸಿಟ್ಟು ನನ್ನ ಮೇಲೆ ಯಾಕಪ್ಪ? ಚೀಲ ಹೊತ್ತವನು ನಾನೂ.

ನೀರುಗಂಟಿ ಮನೆಯವನು:
ಊಟೆ ಮೊದಲು ಕಂಡವರು ಯಾರು? ಅದು ಹೇಳಿ.

ಶಿರಸಿ ಸೀಮೆ, ಬೆಟ್ಟದ ಮನೆ:
ಕೆರೆ ಇರಲಿ ಕಾಡಿರಲಿ, ಕಥೆ ಒಂದೇ. ಊರವರೂ ಅರಣ್ಯ ಇಲಾಖೆಯೂ ಸೇರಿ ಕಾಡು ನೋಡಿಕೊಳ್ಳಬೇಕೆಂಬ 1993ರ ಸರ್ಕಾರಿ ಆದೇಶದ ನಂತರ ನಮ್ಮಲ್ಲೂ ಗ್ರಾಮ ಅರಣ್ಯ ಸಮಿತಿ ಆಯಿತು. ಉಪ್ಪಗೆಗೆ, ಅಂದರೆ ಕಾಡಿನ ಹುಳಿಹಣ್ಣಿಗೆ, ದರ ಬಂದದ್ದೇ ಕೆಡುಕು. ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ ಅಂತ ಕಾಯಿ ಹಣ್ಣಾಗುವ ಮೊದಲೇ ಕೊಂಬೆ ಸಮೇತ ಕಡಿದರು. ಮಳೆಗಾಲದ ಬೆಳೆ, ಒಲೆ ಮೇಲೆ ಒಣಗಿಸಬೇಕು, ಅದಕ್ಕೆ ಮತ್ತೆ ಕಟ್ಟಿಗೆ. ಹಣ್ಣಾಗಿ ಬಿದ್ದದ್ದನ್ನಷ್ಟೇ ಆರಿಸಿ ಅಂತ ನಾವು ಹನ್ನೊಂದು ಮನೆಯವರು ಠರಾವು ಮಾಡಿದೆವು. ನಾಲ್ಕು ವರ್ಷ ನಡೆಯಿತು. ಐದನೇ ವರ್ಷ ಒಂದೇ ಮನೆ ಮುರಿಯಿತು, ಆ ವಾರವೇ ಎಲ್ಲರೂ ದೋಟಿ ಹಿಡಿದು ಹೊರಟರು. ನಾನು ಹೋಗಲಿಲ್ಲ. ಇವತ್ತಿಗೂ ಅದರ ಬಗ್ಗೆ ಬೇಜಾರಿಲ್ಲ.

ಕೋಲಾರ ಹತ್ತಿರದವಳು:
ನಮ್ಮ ಕೆರೆಗೆ ಕೆ.ಸಿ. ವ್ಯಾಲಿ ನೀರು, ಅಂದ್ರೆ ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಬಿಡೋ ನೀರು, ಬಂತು. 1,200 ಅಡಿ ಬೋರು ಒಣಗಿತ್ತು, ಈಗ ಟೊಮೆಟೊ ಹಾಕಿದ್ದೀನಿ. ಆದ್ರೆ ನೀರು ಬಂದ ಮೇಲೆ ಸಂಘದ ಸಭೆಗೆ ಒಬ್ಬರೂ ಬರಲ್ಲ. ಪೋಷಕ ಕಾಲುವೇಲಿ ಜಾಲಿ ತುಂಬಿದೆ, ಮೇಲಿನವರು ಒತ್ತಿ ನೀಲಗಿರಿ ನೆಟ್ಟಿದ್ದಾರೆ. ಮಳೆ ನೀರಿನ ದಾರಿ ಯಾರಿಗೂ ಬೇಡ.

ಮಾವಿನತೋಟ:
ಎರಡೇ ಹಂತ ಶುದ್ಧ ಮಾಡಿದ ಬೆಂಗಳೂರು ನೀರು ಅದು. ಮೂರನೇ ಹಂತ ಆಗೋವರೆಗೆ ನಾನಂತೂ ಮುಟ್ಟಲ್ಲ.

ಕೋಲಾರ ಹತ್ತಿರದವಳು:
ನಿಮ್ಮ ಬೋರಲ್ಲಿ ನೀರಿದೆ, ಮಾತಾಡ್ತೀರಿ. ನಾನು ಮೂರು ಬೋರು ಕೊರೆಸಿ 9 ಲಕ್ಷ ಸಾಲ ಹೊತ್ತವಳು. ಒಡವೆ ಇನ್ನೂ ಬ್ಯಾಂಕಲ್ಲಿದೆ.

ಮುಳಬಾಗಿಲು ಕಡೆಯವನು:
ಅಣ್ಣಾ, ಅಕ್ಕಾ, ಮನೆಗೆ 2,000 ಎತ್ತಲೋ ಬೇಡವೋ? ಭಾನುವಾರ ಸಭೆ ಇದೆ.

ನೀರುಗಂಟಿ ಮನೆಯವನು:
ಸಭೆ ಎಲ್ಲಿ ಇಟ್ಟಿದ್ದೀರಿ? ದೇವಸ್ಥಾನದ ಜಗುಲಿ ಮೇಲಾದ್ರೆ ನಮ್ಮೋರು ಕೆಳಗೆ ನಿಂತಿರ್ತಾರೆ. ಏರಿ ಮೇಲೆ ಇಡಿ.

ಮಾವಿನತೋಟ:
ಊಟೆ ಮೊದಲು ಕಂಡದ್ದು ನಮ್ಮ ನೀರುಗಂಟಿಯೇ. ಪುಸ್ತಕ ತೆಗೆದು ನೋಡಿದೆ. ಅವನ ಹೆಸರಲ್ಲಿ ಏನೂ ಬರೆದಿಲ್ಲ.