ಕೊನೆಗೌಡನಿಗೆ ಪ್ರೊಫೈಲ್ ಇಲ್ಲ

“ಅಲ್ದೋ ತಮಾ, ಅಮೆರಿಕದಲ್ಲಿ ಕೂತವ ನಿಂಗೆ ಎಂತಕ್ಕೆ ದುಡ್ಡು ಕೊಡವು?”

ಗಣಪಣ್ಣನ ಪ್ರಶ್ನೆ ನ್ಯಾಯದ್ದೇ. ಬಿ.ಕಾಂ ಮುಗಿಸಿ ಮನೆಯಲ್ಲಿ ಕೂತ ವಿನಾಯಕ, ಇನ್ನು ಮೇಲೆ ತಾನು ಆನ್‌ಲೈನಿನಲ್ಲಿ ಬಿಡಿ ಕೆಲಸ ಹಿಡಿಯುವ ಫ್ರೀಲಾನ್ಸರ್ ಎಂದು ಜಗುಲಿಯಲ್ಲಿ ಸಾರಿ ಇನ್ನೂ ಒಂದು ಎಲೆಯಡಿಕೆಯ ಕವಳ ಮುಗಿದಿರಲಿಲ್ಲ. ಹೊರಗೆ ಆಷಾಢದ ಮಳೆ, ಒಳಗೆ ಕರೆಂಟಿಲ್ಲ, ನಡುವೆ ಕವಳದ ಬಟ್ಟಲು. ಶಿರಸಿ ಸೀಮೆಯಲ್ಲಿ ಒಬ್ಬ ಹುಡುಗನ ಭವಿಷ್ಯವನ್ನು ನಾಲ್ಕು ಜನ ಸೇರಿ ತೀರ್ಮಾನ ಮಾಡುವುದಕ್ಕೆ ಇಷ್ಟು ಸೌಕರ್ಯ ಸಾಕು.

“ಡಿಸೈನ್ ಮಾಡಿ ಕೊಡ್ತೆ ಗಣಪಣ್ಣ. ಲೋಗೋ, ಪೋಸ್ಟರು...”

“ಅಲ್ಲಿ ಮಾಡುವವ್ವು ಯಾರೂ ಇಲ್ಯಾ?”

“ಇದ್ದಾರೆ, ತುಟ್ಟಿ,” ಎಂದ ಸುಬ್ಬ. ಬೆಂಗಳೂರಿನ ಕಂಪನಿಯಲ್ಲಿದ್ದು 2020ರ ಲಾಕ್‌ಡೌನಿಗೆ ಊರಿಗೆ ಬಂದವ, ವಾಪಸು ಹೋಗಲೇ ಇಲ್ಲ. ಈಗ ತೋಟವೂ ಆಯ್ತು, ಆನ್‌ಲೈನ್ ಕೆಲಸವೂ ಆಯ್ತು. ಅವನ ಭಾಷೆ ಮಾತ್ರ ಪೂರ್ತಿ ಊರು ಮುಟ್ಟದೆ ತುಮಕೂರಿನ ಹತ್ತಿರ ಎಲ್ಲೋ ನಿಂತುಬಿಟ್ಟಿದೆ. “ಅರ್ಜಿ ಎಷ್ಟು ಕಡೆ ಹಾಕಿದ್ಯೋ?”

“ಸುಮಾರು ಕಡೆ. ಒಬ್ಬನೂ ಉತ್ತರ ಕೊಡ್ಲಿಲ್ಲ ಸುಬ್ಬಣ್ಣ.”

“ಒಂದು ಓದು ನೋಡೋಣ.”

ವಿನಾಯಕ ಮೊಬೈಲು ತೆಗೆದು ಇಂಗ್ಲಿಷಿನಲ್ಲಿದ್ದದ್ದನ್ನು ನಮಗೋಸ್ಕರ ಕನ್ನಡಕ್ಕಿಳಿಸುತ್ತ ಓದಿದ: “ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಸವಿನಯವಾಗಿ ಕೇಳಿಕೊಳ್ಳುವುದೇನೆಂದರೆ...”

“ಅದು ನೀನು ಹೈಸ್ಕೂಲಲ್ಲಿ ಜ್ವರ ಬಂತು ಹೇಳಿ ಬರೆದ ರಜಾ ಚೀಟಿ ಅಲ್ದನಾ?” ಒಳಗಿನಿಂದ ಅತ್ತಿಗೆಯ ದನಿ. ಅತ್ತಿಗೆ ಜಗುಲಿಗೆ ಬರುವುದು ಕಡಿಮೆ. ಜಗುಲಿಯ ಮಾತೆಲ್ಲ ಅಡುಗೆಮನೆಗೆ ಕೇಳುವ ಹಾಗೆ ಮನೆ ಕಟ್ಟಿಸಿದ್ದಾರೆ.

ವಿನಾಯಕ ಮುಂದುವರಿದ. “ನಾನು ಪ್ರಾಮಾಣಿಕ, ಕಷ್ಟಜೀವಿ, ಬಡ ರೈತ ಕುಟುಂಬದಿಂದ ಬಂದವನು...”

“ಬಡ ಎಂತದು!” ಗಣಪಣ್ಣ ಬಾಯಲ್ಲಿದ್ದ ಕವಳವನ್ನು ಉಗಿದೇ ಬಂದ. “ನಿನ್ನಪ್ಪಂಗೆ ನಾಲ್ಕೆಕರೆ ಅಡಿಕೆ ತೋಟ ಇದ್ದು. ಹೋದ ವರ್ಷ ರಾಶಿ ಅಡಿಕೆಗೆ ರೇಟು ಬಂದಾಗ ಕಾರು ತಗಂಡ. ಅದನ್ನೂ ಬರಿ!”

ಸುಬ್ಬನಿಗೆ ನಗು ತಡೆಯಲಾಗಲಿಲ್ಲ. “ಆ ಮನುಷ್ಯ ಕೇಳಿದ್ದೇನು?”

“ಬೇಕರಿಗೆ ಒಂದು ಲೋಗೋ.”

“ನಿನ್ನ ಚೀಟಿಯಲ್ಲಿ ಬೇಕರಿ ಎಲ್ಲಿದೆ? ಅವನ ಮುಂದೆ ಅರ್ಜಿಗಳ ರಾಶಿ ಇರ್ತದೆ. ತೆರೆಯೋ ಮೊದಲು ಕಾಣೋದು ಮೇಲಿನ ಒಂದೆರಡು ಸಾಲು ಮಾತ್ರ. ಆ ಎರಡು ಸಾಲಲ್ಲಿ ಅವನ ಬೇಕರಿ ಇರ್ಬೇಕು. ‘ನಿಮ್ಮ ಅಂಗಡಿ ಬೋರ್ಡು ನೋಡಿದೆ, ಅಕ್ಷರ ದೂರದಿಂದ ಕಾಣೂದಿಲ್ಲ, ಹೀಗೆ ಮಾಡಬಹುದು’ ಅಂತ ಒಂದು ಚಿತ್ರ ಜೊತೆಗಿಡು. ನೀನು ಬಡವನೋ ಶ್ರೀಮಂತನೋ ಅವನಿಗೆ ಬೇಡ. ಮತ್ತೆ ನೀನು ಕೆಲಸ ಹುಡುಕೋ ಆ ವೆಬ್‌ಸೈಟು, ಅಪ್‌ವರ್ಕಲ್ಲಿ ಅರ್ಜಿ ಹಾಕೋದು ಪುಕ್ಕಟೆ ಅಲ್ಲ ಗೊತ್ತುಂಟಲ್ಲ? ಕನೆಕ್ಟ್ ಅಂತ ಟೋಕನ್ ಇರ್ತದೆ, ಒಂದಕ್ಕೆ 15 ಸೆಂಟು, ಒಂದು ಅರ್ಜಿಗೆ ಹಲವಾರು ಬೇಕು. ರಜಾ ಚೀಟಿ ಕಳಿಸ್ಲಿಕ್ಕೂ ದುಡ್ಡು ಕೊಟ್ಟಿದ್ದೆ ನೀನು.”

“ಏನು ಮಾಡ್ಲಿ ಸುಬ್ಬಣ್ಣ, ಎಲ್ಲರೂ ಅನುಭವ ಕೇಳ್ತಾರೆ. ನನಗೆ ಇಲ್ವಲ್ಲ.”

ಇಲ್ಲಿ ಗಣಪಣ್ಣ ಕೈ ಎತ್ತಿದ. ಅವನು ಕೈ ಎತ್ತಿದರೆ ತಾಳಮದ್ದಳೆಯ ಅರ್ಥಧಾರಿ ಪೀಠಿಕೆಗೆ ಕೂತ ಹಾಗೆ, ನಡುವೆ ಬಾಯಿ ಹಾಕುವಂತಿಲ್ಲ.

“ನಮ್ಮ ಅಡಿಕೆ ಕೊನೆ ಕೊಯ್ಯೋ ಕೊನೆಗೌಡನ್ನ ನೋಡು. ಅಂವಂಗೆ ಪ್ರೊಫೈಲ್ ಇದ್ದಾ? ಇಲ್ಲೆ. ಕೊನೆ ಕೊಯ್ಲು ಬಂತು ಹೇಳಾದ್ರೆ ಊರಿಗೂರೇ ಅವನ ಬಾಗಿಲಲ್ಲಿ. ಬತ್ತೆ ಹೇಳಿದ ದಿನ ಬತ್ನಿಲ್ಲೆ. ಬಂದ ದಿನ ಕೇಳಿದಷ್ಟು ಕೊಡವು. ಚಾ ಮೊದಲು, ಮರ ಆಮೇಲೆ. ಎಲ್ಲರಿಗಿಂತ ದೊಡ್ಡ ಫ್ರೀಲಾನ್ಸರ್ ಅಂವನೇಯ!”

“ಅಂವ ಮೊದಲು ಹತ್ತಿದ ಮರ ಯಾರದ್ದು?” ಸುಬ್ಬ ಕೇಳಿದ.

“ಯಂಗ್ಳ ತೋಟದ್ದೇ. ಹುಡುಗ ಆಗಿದ್ದ. ಅವನಪ್ಪ ಕಲಿಸಿದ್ದು. ಆನೇ ಕೆಳಗೆ ಹಗ್ಗ ಹಿಡಕಂಡು ನಿಂತಿದ್ದೆ. ಒಂದು ಮರದಿಂದ ಇನ್ನೊಂದಕ್ಕೆ ದಾಟಿದ ನೋಡು, ಮರುದಿನವೇ ಪಕ್ಕದ ಮನೆಯಿಂದ ಕರೆ ಬಂತು.”

“ಪಕ್ಕದ ಮನೆಯವರು ‘ಎಷ್ಟು ವರ್ಷದ ಅನುಭವ’ ಅಂತ ಕೇಳಿದ್ರಾ?”

“ಹುಚ್ಚಾ ನಿಂಗೆ? ಕಣ್ಣೆದುರೇ ಹತ್ತಿದ್ದ.”

“ಅಷ್ಟೇ,” ಎಂದು ಸುಬ್ಬ ವಿನಾಯಕನ ಕಡೆ ತಿರುಗಿದ. “ನೀನು ಹತ್ತಿದ ಮರ ತೋರಿಸು.”

“ನಾನು ಯಾವ ಮರವನ್ನೂ ಹತ್ತಲಿಲ್ವಲ್ಲ.”

ನನಗೆ ಸುಮ್ಮನೆ ಕೂರಲಾಗಲಿಲ್ಲ. ಹೋದ ಮಾರಿಕಾಂಬಾ ಜಾತ್ರೆಗೆ ನಮ್ಮೂರ ಯುವಕ ಮಂಡಳಿಯ ಬ್ಯಾನರ್ ಮಾಡಿದ್ದು ಯಾರು? ಸೊಸೈಟಿ ಚುನಾವಣೆಗೆ ಎರಡೂ ಬಣದ ಕರಪತ್ರ ಮಾಡಿದ್ದು ಯಾರು? ನನ್ನ ಮಗಳ ಮದುವೆಯ ಕರೆಯೋಲೆ? ಗಣಪಣ್ಣನ ಮನೆ ಗೃಹಪ್ರವೇಶದ್ದು? ಎಲ್ಲ ವಿನಾಯಕನೇ. ಅತ್ತಿಗೆ ಮಾಡುವ ಸಿಹಿತಿಂಡಿ ತೊಡೆದೇವಿನ ಡಬ್ಬಿಯ ಮೇಲಿನ ಚೀಟಿಯೂ ಅವನದೇ. ಆ ಚೀಟಿ ಅಂಟಿಸಿದ ಮೇಲೆ ಹುಬ್ಬಳ್ಳಿಯವರೂ ತರಿಸುತ್ತಿದ್ದಾರೆ.

“ಅದೆಲ್ಲ ಊರಿನ ಕೆಲಸ,” ಎಂದ ವಿನಾಯಕ. “ಪುಕ್ಕಟೆ ಮಾಡಿದ್ದು. ಅದನ್ನ ಅನುಭವ ಅಂತಾರಾ?”

ಜಗುಲಿ ಒಂದು ಕ್ಷಣ ಮೌನ. ಪುಕ್ಕಟೆ ಮಾಡಿಸಿಕೊಂಡವರೆಲ್ಲ ಅಲ್ಲೇ ಕೂತಿದ್ದೆವಲ್ಲ! ಗಣಪಣ್ಣ ಅಡಿಕೆ ಹೋಳು ಹುಡುಕುವುದರಲ್ಲಿ ಮಗ್ನನಾದ.

“ಅದೇ ನಿನ್ನ ಪೋರ್ಟ್‌ಫೋಲಿಯೋ ಮಾರಾಯಾ,” ಎಂದ ಸುಬ್ಬ. “ಒಳ್ಳೆಯದು ಐದಾರು ಆರಿಸು. ಪ್ರತಿಯೊಂದರ ಕೆಳಗೆ ಯಾರು ಕೇಳಿದ್ರು, ಏನು ಕೇಳಿದ್ರು, ನೀನು ಏನು ಮಾಡಿದೆ ಅಂತ ನಾಲ್ಕು ಸಾಲು. ಆಮೇಲೆ ಆ ಪ್ರೊಫೈಲಲ್ಲಿ ಬರ್ಕೊಂಡಿದ್ದೀಯಲ್ಲ, ಲೋಗೋ, ಡೇಟಾ ಎಂಟ್ರಿ, ವಿಡಿಯೋ ಎಡಿಟಿಂಗ್, ಅಕೌಂಟ್ಸು, ಅನುವಾದ... ಅಷ್ಟನ್ನೂ ಅಳಿಸು. ಸಣ್ಣ ತಿಂಡಿ ಉದ್ಯಮದವರ ಡಬ್ಬಿಗೆ ಲೇಬಲ್ ಮಾಡ್ತೆ ಅಂತ ಒಂದೇ ಬರಿ. ತೊಡೆದೇವಿನ ಡಬ್ಬಿ ಮೇಲಿಡು.”

ಡೇಟಾ ಎಂಟ್ರಿ ಎಂದದ್ದೇ ತಡ, ಅತ್ತಿಗೆ ಸೌಟು ಹಿಡಿದೇ ಹೊರಗೆ ಬಂದರು. ಕುಮಟೆಯಲ್ಲಿ ಅವರ ತಮ್ಮನ ಮಗನಿಗೆ ಆದದ್ದು ನೆನಪಾಯಿತು. ಮನೆಯಲ್ಲೇ ಕೂತು ಫಾರ್ಮ್ ತುಂಬುವ ಕೆಲಸ, ಮೊದಲು ನೋಂದಣಿಗೆ ದುಡ್ಡು. ವಾರವಿಡೀ ಕಣ್ಣು ಕೆಂಪಾಗಿಸಿ ತುಂಬಿದ ಮೇಲೆ, ತಪ್ಪು ಜಾಸ್ತಿ ಉಂಟು, ಒಪ್ಪಂದ ಮುರಿದಿದ್ದಿ, ದಂಡ ಕಟ್ಟು ಎಂದು ವಕೀಲನ ಹೆಸರಲ್ಲಿ ನೋಟಿಸು! ಹುಡುಗ ಎರಡು ದಿನ ಊಟ ಬಿಟ್ಟಿದ್ದ.

“ಆ ವಕೀಲನೂ ಸುಳ್ಳು, ಕಂಪನಿಯೂ ಸುಳ್ಳು,” ಎಂದ ಸುಬ್ಬ. “ಹೆದರಿ ಕಟ್ಟಿದ್ರೆ ಮತ್ತೆ ಕೇಳ್ತಾರೆ. ಕೆಲಸ ಕೊಡೋವನು ನಿನ್ನ ಹತ್ರ ಡಿಪಾಸಿಟ್ ಕೇಳಿದ್ರೆ ಅದು ಕೆಲಸ ಅಲ್ಲ. ಟೆಲಿಗ್ರಾಮಲ್ಲಿ ಹೋಟೆಲ್ಲಿಗೆ ಸ್ಟಾರ್ ಕೊಡು, ದುಡ್ಡು ಕೊಡ್ತೇವೆ ಅಂತಾರಲ್ಲ, ಅದೂ ಅದೇ ಜಾತಿ. ಮೊದಲು ನೂರಿನ್ನೂರು ಕೊಟ್ಟು ನಂಬಿಸ್ತಾರೆ. ದುಡ್ಡು ಹೋಯ್ತು ಅಂದ ಕೂಡ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ತಡ ಮಾಡಿದಷ್ಟೂ ಸಿಗೋದು ಕಷ್ಟ.”

“ಹಂಗಾದ್ರೆ ಅಮೆರಿಕದವ ಕೆಲಸ ಮಾಡ್ಸಿಕಂಡು ಕೈ ಎತ್ತಿದ್ರೆ?” ಗಣಪಣ್ಣನಿಗೆ ಅನುಮಾನ ಹೋಗಿರಲಿಲ್ಲ.

“ಇಡಿಗುತ್ತಿಗೆ ಕೆಲಸ ಆದ್ರೆ ಅವ ದುಡ್ಡನ್ನ ಮೊದಲೇ ಅಪ್‌ವರ್ಕಲ್ಲಿ ಇಡಬೇಕು. ಅದು ಬಂದು ಕೂತಿದೆ ಅಂತ ನೋಡಿಯೇ ಕೈ ಹಾಕೋದು. ‘ವಾಟ್ಸಾಪಿಗೆ ಬಾ, ನೇರ ಕೊಡ್ತೆ’ ಅಂದ್ರೆ ಹೋಗೋದಲ್ಲ. ತಾಸಿನ ಲೆಕ್ಕದ ಕೆಲಸ ಆದ್ರೆ ಬೇರೆ. ಹತ್ತು ನಿಮಿಷಕ್ಕೊಂದು ಸಲ ನಿನ್ನ ಕಂಪ್ಯೂಟರ್ ಪರದೆಯ ಫೋಟೋ ತಾನೇ ತೆಕ್ಕೊಳ್ತದೆ.”

“ಯಕ್ಷಗಾನ ನೋಡ್ತಾ ಇದ್ದದ್ದೂ ಬತ್ತಾ?”

“ಬರ್ತದೆ.”

“ತಮಾ, ನಿಂಗೆ ಇಡಿಗುತ್ತಿಗೆಯೇ ಅಡ್ಡಿಲ್ಲೆ,” ಎಂದು ಗಣಪಣ್ಣ ಅಲ್ಲಿಗೇ ತೀರ್ಪು ಕೊಟ್ಟ.

ದಲಾಲಿಯ ಮಾತು ಬಂತು. ಫೈವರ್ ಎಂಬ ಇಂಥದ್ದೇ ಇನ್ನೊಂದು ವೆಬ್‌ಸೈಟು 2010ರಲ್ಲಿ ಐದು ಡಾಲರಿನ ಕೆಲಸಗಳಿಂದ ಶುರುವಾದದ್ದು, ಈಗ ದುಡಿದದ್ದರಲ್ಲಿ ಶೇ. 20 ಅದಕ್ಕೆ. ಐದು ದುಡಿದರೆ ಕೈಗೆ ನಾಲ್ಕು. ಅಷ್ಟು ಕೇಳಿ ಗಣಪಣ್ಣ ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಅಡಿಕೆ ಮಾರಿದ ದುಡ್ಡಿಗೆ ಆದಾಯ ತೆರಿಗೆ ಇಲ್ಲ, ಹುಡುಗನ ಡಾಲರಿಗೆ ಉಂಟು ಎಂದಾಗ ಮಾತ್ರ ಅವನ ಮುಖ ಅರಳಿತು. ಹಾಗೇ ಸುಬ್ಬ, ವರ್ಷಕ್ಕೆ 20 ಲಕ್ಷದ ವಹಿವಾಟು ದಾಟುವವರೆಗೆ ಜಿಎಸ್‌ಟಿ ನೋಂದಣಿಯ ಚಿಂತೆ ಬೇಡ ಎಂದ.

“ಮೊದಲು ಇಪ್ಪತ್ತು ರೂಪಾಯಿ ಬರ್ಲಿ,” ಎಂದು ಅತ್ತಿಗೆ ಒಳಗೆ ಹೋದರು.

ಇನ್ನುಳಿದದ್ದು ಹೊತ್ತಿನ ಸಮಸ್ಯೆ. ಬೇಸಿಗೆಯಲ್ಲಿ ನ್ಯೂಯಾರ್ಕಿನ ಬೆಳಗಿನ ಒಂಬತ್ತೆಂದರೆ ನಮಗೆ ಸಂಜೆ ಆರೂವರೆ, ಅವರ ಚಳಿಗಾಲದಲ್ಲಿ ಏಳೂವರೆ. ಅಂದರೆ ಗಿರಾಕಿ ಕಚೇರಿಗೆ ಬರುವುದಕ್ಕೂ ನಮ್ಮಲ್ಲಿ ಕರೆಂಟು ಹೋಗುವುದಕ್ಕೂ ಸರಿಹೋಗುತ್ತದೆ. ಇದಕ್ಕೆ ಸುಬ್ಬನ ಹತ್ತಿರವೂ ಉಪಾಯವಿರಲಿಲ್ಲ, ಒಂದು ಇನ್ವರ್ಟರ್ ತಗೋ ಎಂದ. ಅಪ್ಪನ ಹತ್ತಿರ ಕೇಳಲು ಬಡ ರೈತ ಕುಟುಂಬದ ಕಥೆಯನ್ನು ಅಲ್ಲಿ ಬಳಸಬಹುದು ಎಂದೆ ನಾನು.

ಮಳೆ ಸ್ವಲ್ಪ ತೆರವಾಯಿತು. ಎದ್ದು ಹೊರಟ ವಿನಾಯಕನನ್ನು ಗಣಪಣ್ಣ ಕರೆದ. “ತಮಾ, ಶ್ರಾವಣದಲ್ಲಿ ದೇವಸ್ಥಾನದಲ್ಲಿ ತಾಳಮದ್ದಳೆ ಇದ್ದು. ನಾಳೆ ಒಳಗೆ ಒಂದು ಪೋಸ್ಟರು ಮಾಡ್ಕೊಡು. ಶನಿವಾರ ರಾತ್ರೆ ಹೇಳಿ ಹಾಕು.”

ವಿನಾಯಕ ಸುಬ್ಬನ ಮುಖ ನೋಡಿದ, ನನ್ನ ಮುಖ ನೋಡಿದ. ಗಂಟಲು ಸರಿಮಾಡಿಕೊಂಡ.

“ಐನೂರು ರೂಪಾಯಿ ಗಣಪಣ್ಣ. ಅರ್ಧ ಮುಂಗಡ. ತಿದ್ದುಪಡಿ ಎರಡು ಸಲ ಪುಕ್ಕಟೆ, ಮೂರನೇದರಿಂದ ಐವತ್ತೈವತ್ತು.”

“ಎಂತಾ! ದೇವ್ರ ಕೆಲಸಕ್ಕೂ?”

“ಕೊನೆಗೌಡ ದೇವಸ್ಥಾನದ ಮರಕ್ಕೆ ಬಿಡ್ತ್ನಾ?” ಒಳಗಿನಿಂದ ಅತ್ತಿಗೆ.

ಗಣಪಣ್ಣ ಸೊಂಟದ ಚೀಲಕ್ಕೆ ಕೈ ಹಾಕಿದ, ತಡೆದ, ಮತ್ತೆ ಹಾಕಿ ಇನ್ನೂರೈವತ್ತು ತೆಗೆದ. “ತಗ. ಆದ್ರೆ ತಡಿ, ಭಾಗವತರು ಶನಿವಾರ ಬೇರೆ ಕಡೆ ಒಪ್ಪಿಕಂಡಿದ್ದ. ಆದಿತ್ಯವಾರ ಹೇಳಿ ಹಾಕು.”

“ತಿದ್ದುಪಡಿ ಒಂದಾತು,” ಎಂದ ವಿನಾಯಕ, ಕೊಡೆ ಬಿಚ್ಚುತ್ತ.